ಬೇಲಿ ಎಷ್ಟು ನೆಟ್ಟಗಿದೆ, ಅಪ್ಪ?

ಟೇಬಲ್ ಸಾ ಅನ್ನೋ ಯಂತ್ರವನ್ನು ನೀವು ಹತ್ತಿರದಿಂದ ನೋಡಿರದಿದ್ದರೂ ಅದರ ಸದ್ದನ್ನು ಖಂಡಿತ ಕೇಳಿರುತ್ತೀರಿ. ಮೇಲಿನ ಫ್ಲ್ಯಾಟ್‌ನಲ್ಲಿ ವಾರ್ಡ್‌ರೋಬ್ ಕೆಲಸ ನಡೆಯುವಾಗ, ಸರಿಯಾಗಿ ನಿಮ್ಮ ಕ್ಲೈಂಟ್ ಕಾಲ್ ಶುರುವಾಗೋ ಹೊತ್ತಿಗೆ, ಕಿವಿ ಸೀಳುವ ಹಾಗೆ ಕೂಗುತ್ತಲ್ಲ, ಆ ಜಾತಿಯದ್ದು. ಒಂದು ಮೇಜು, ಮೇಜಿನ ಮಧ್ಯೆ ಒಂದು ಸೀಳು, ಆ ಸೀಳಿನಿಂದ ಮೇಲೆದ್ದಿರುವ ದುಂಡನೆಯ ಬ್ಲೇಡು. ಕೈಗರಗಸದಲ್ಲಿ ಮರ ನಿಂತಿರುತ್ತೆ, ಗರಗಸ ಓಡಾಡುತ್ತೆ. ಇಲ್ಲಿ ಉಲ್ಟಾ. ಬ್ಲೇಡು ನಿಂತಲ್ಲೇ ತಿರುಗುತ್ತೆ, ಮರವನ್ನು ನಾವು ಅದರ ಬಾಯಿಗೆ ತಳ್ಳಬೇಕು.

ಬರೀ ಕೈಯಲ್ಲಿ ಹಿಡಿದು ತಳ್ಳಿದರೆ ಮರ ಆ ಕಡೆ ಈ ಕಡೆ ವಾಲುತ್ತೆ. ಅದಕ್ಕೇ ಬ್ಲೇಡಿನ ಬಲಕ್ಕೆ ಉದ್ದಕ್ಕೂ ಒಂದು ಅಲ್ಯೂಮಿನಿಯಂ ಗೋಡೆ ಇರುತ್ತೆ. ಅದನ್ನು ಬೇಕಾದ ಅಳತೆಗೆ ಸರಿಸಿ, ಲಿವರ್ ಒತ್ತಿ ಬಿಗಿ ಮಾಡಿ, ಮರವನ್ನು ಅದಕ್ಕೆ ಆನಿಸಿಕೊಂಡು ತಳ್ಳಿದರೆ ಉದ್ದಕ್ಕೂ ಒಂದೇ ಅಗಲದ ಪಟ್ಟಿ ಸಿಗುತ್ತೆ. ಈ ಗೋಡೆಯ ಹೆಸರು ಫೆನ್ಸ್. ನಮ್ಮೂರಿನ ಆಚಾರ್ರು ಗೈಡು ಅಂತಾರೆ. ನಮ್ಮಪ್ಪ ಮಾತ್ರ ಮೊದಲ ದಿನದಿಂದಲೂ ಬೇಲಿ ಅಂತಲೇ ಕರೆಯೋದು. ತಮಾಷೆಗೆ ಇಟ್ಟ ಹೆಸರು, ಆದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನೋ ಗಾದೆ ಈ ಯಂತ್ರಕ್ಕೆ ಹೊಂದುವಷ್ಟು ಇನ್ಯಾವುದಕ್ಕೂ ಹೊಂದಲ್ಲ. ಮರವನ್ನೂ ನಮ್ಮ ಕೈಯನ್ನೂ ಕಾಯಬೇಕಾದ್ದು ಈ ಬೇಲಿ. ಇದು ಒಂದು ಕೂದಲೆಳೆ ಸೊಟ್ಟಗೆ ನಿಂತರೆ ಅದೇ ಅಪಾಯ.

ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಅಮ್ಮ ಹೋಗಿ 2 ವರ್ಷ ಆಯಿತು. ಅಣ್ಣ ಜರ್ಮನಿಯಲ್ಲಿ, ನಾನು ಬೆಂಗಳೂರಲ್ಲಿ. ಶಿವಮೊಗ್ಗದ ಮನೆಯಲ್ಲಿ ಅವರೊಬ್ಬರೇ. ಬೆಂಗಳೂರಿಗೆ ಬನ್ನಿ ಅಂದರೆ ಹತ್ತು ದಿನ ಇದ್ದು, ಹನ್ನೊಂದನೇ ದಿನ ಬ್ಯಾಗ್ ಹಿಡಿದು ಬಾಗಿಲ ಹತ್ತಿರ ನಿಲ್ಲುತ್ತಾರೆ. ಕಳೆದ ವರ್ಷ ಒಬ್ಬ ಇಂಟೀರಿಯರ್ ಕಂಟ್ರಾಕ್ಟರ್ ವ್ಯವಹಾರ ಮುಚ್ಚುವಾಗ ಅವರ ಹತ್ತಿರ ಸೆಕೆಂಡ್ ಹ್ಯಾಂಡ್ ಟೇಬಲ್ ಸಾ ಒಂದನ್ನು ಕೊಂಡು, ಹಿಂದೆ ಹಸು ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ ಇಟ್ಟುಕೊಂಡರು. ಯಾಕೆ ಅಂದರೆ, ಟ್ಯೂಷನ್‌ಗೆ ಬರುವ ಮಕ್ಕಳು ನೆಲದ ಮೇಲೆ ಬಗ್ಗಿ ಬರೀತಾವೆ, ಬೆನ್ನು ನೋವು ಬರುತ್ತೆ, ಅವಕ್ಕೆ ಹಳೇ ಕಾಲದ ಇಳಿಜಾರು ಡೆಸ್ಕ್ ಮಾಡಿಕೊಡಬೇಕು ಅಂತ.

ವಿಷಯ ಗೊತ್ತಾದ ದಿನ ಅಣ್ಣ ವಿಡಿಯೊ ಕಾಲ್‌ನಲ್ಲಿ ಒಂದೇ ಮಾತು ಹೇಳಿದ: "ಮಾರಿಬಿಡಿ." 66 ವರ್ಷದ ಮನುಷ್ಯ, ಮನೆಯಲ್ಲಿ ಇನ್ನೊಬ್ಬರಿಲ್ಲ, ಕೈ ಕತ್ತರಿಸೋ ಯಂತ್ರ. ಅವನ ಭಯ ಸುಳ್ಳಲ್ಲ. ನನಗೂ ಅದೇ ಭಯ ಇತ್ತು, ಈಗಲೂ ಇದೆ. ಆದರೆ ಅಮ್ಮ ಹೋದ ಮೇಲೆ ಮೊದಲ ಸಲ ಅಪ್ಪ ಫೋನ್‌ನಲ್ಲಿ "ಊಟ ಆಯ್ತಾ, ಮತ್ತೆ ಏನು ವಿಶೇಷ" ಬಿಟ್ಟು ಬೇರೆ ಮಾತಾಡಿದ್ದು ಆ ಮೇಜಿನ ಬಗ್ಗೆ. ಅರ್ಧ ಗಂಟೆ ಮಾತಾಡಿದರು. ಮಾರಿಬಿಡಿ ಅನ್ನೋಕೆ ನನಗೆ ಬಾಯಿ ಬರಲಿಲ್ಲ. "ನಾನು ಬರೋವರೆಗೂ ಸ್ವಿಚ್ ಮುಟ್ಟಬೇಡಿ" ಅಂದೆ. ಶುಕ್ರವಾರ ರಾತ್ರಿಯ ಬಸ್ ಹತ್ತಿದೆ.

ನಾನು ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡು ಸಾಫ್ಟ್‌ವೇರ್. ನನ್ನ ಬ್ಯಾಚಿನ ಅರ್ಧಕ್ಕಿಂತ ಹೆಚ್ಚು ಜನರ ಕಥೆ ಇದೇ. ಫಸ್ಟ್ ಇಯರ್ ಫಿಟ್ಟಿಂಗ್ ಲ್ಯಾಬಿನಲ್ಲಿ ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ, ಮೂಲೆಮಟ್ಟ ಹಿಡಿದು, ಬೆಳಕು ನುಸುಳುತ್ತಾ ಅಂತ ಕಿಟಕಿಯ ಕಡೆ ತಿರುಗಿಸಿ ನೋಡುತ್ತಿದ್ದೆವಲ್ಲ, ಆ ವಿದ್ಯೆ ಇಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬಂದಿದ್ದು ಕೊಟ್ಟಿಗೆಯಲ್ಲಿ.

ಮೊದಲು ಈ ಯಂತ್ರ ಹೇಗೆ ಏಟು ಕೊಡುತ್ತೆ ಅನ್ನೋದನ್ನು ಹೇಳಿಬಿಡುತ್ತೇನೆ. ಬೆರಳು ತಾನಾಗೇ ಬ್ಲೇಡಿಗೆ ತಗುಲೋದು ಎಲ್ಲರಿಗೂ ಗೊತ್ತಿರುವ ಭಯ. ಗೊತ್ತಿಲ್ಲದ್ದು ಇನ್ನೊಂದಿದೆ, ಕಿಕ್‌ಬ್ಯಾಕ್. ಬ್ಲೇಡಿನ ಹಲ್ಲುಗಳು ನಮ್ಮ ಮುಂದಿರುವ ಕಡೆ ಮೇಲಿಂದ ಕೆಳಗೆ ಇಳಿಯುತ್ತವೆ, ಮರವನ್ನು ಮೇಜಿಗೆ ಒತ್ತಿ ಹಿಡಿಯುತ್ತವೆ. ಅಲ್ಲಿವರೆಗೆ ಕ್ಷೇಮ. ಅದೇ ಹಲ್ಲುಗಳು ಹಿಂದಿನ ಕಡೆ ಕೆಳಗಿಂದ ಮೇಲೆ ಏಳುತ್ತವೆ, ಎದ್ದು ನಮ್ಮ ಕಡೆಗೆ ಬರುತ್ತವೆ. ಕುಯ್ದು ಮುಗಿದ ಮರ ಆ ಹಿಂದಿನ ಹಲ್ಲುಗಳಿಗೆ ಒತ್ತಿಕೊಂಡರೆ, ಅವು ಮರವನ್ನು ಎತ್ತಿ ನಮ್ಮ ಮೇಲೆ ಎಸೆಯುತ್ತವೆ. ನಮ್ಮ ಯಂತ್ರದ ಬ್ಲೇಡು 254 ಮಿಲಿಮೀಟರ್, ನಿಮಿಷಕ್ಕೆ 3650 ಸುತ್ತು. ಲೆಕ್ಕ ಹಾಕಿದರೆ ಹಲ್ಲಿನ ತುದಿಯ ವೇಗ ಗಂಟೆಗೆ ಸುಮಾರು 175 ಕಿಲೋಮೀಟರ್. ಕಣ್ಣು ಮಿಟುಕಿಸೋ ಹೊತ್ತಿಲ್ಲ. ಮರವನ್ನು ತಳ್ಳುತ್ತಿದ್ದ ಕೈ, ಮರ ಮಾಯವಾದ ಮೇಲೂ ಅದೇ ದಿಕ್ಕಿಗೆ ಮುಂದೆ ಹೋಗುತ್ತೆ. ಆಗ ಬೆರಳು ಹೋಗೋದು.

ಮರ ಹಿಂದಿನ ಹಲ್ಲಿಗೆ ಒತ್ತಿಕೊಳ್ಳೋದು ಯಾಕೆ? ಒಂದು ಕಾರಣ ಮರದ ಒಳಗೇ ಇರುತ್ತೆ. ಕೆಲವು ಹಲಗೆಗಳನ್ನು ಸೀಳಿದ ಕೂಡಲೇ ಒಳಗಿನ ಬಿಗುವು ಸಡಿಲಾಗಿ, ಸೀಳು ಹಿಂದುಗಡೆ ಮುಚ್ಚಿಕೊಳ್ಳುತ್ತೆ. ಅದಕ್ಕೆ ಬ್ಲೇಡಿನ ಬೆನ್ನಿಗೇ ಒಂದು ತೆಳುವಾದ ಉಕ್ಕಿನ ತಗಡು, ರೈವಿಂಗ್ ನೈಫ್, ನಿಂತಿರಬೇಕು. ಸೀಳಿನೊಳಗೆ ಹೊಕ್ಕು ಅದನ್ನು ತೆರೆದೇ ಇಡುತ್ತೆ. ನಮ್ಮ ಸೆಕೆಂಡ್ ಹ್ಯಾಂಡ್ ಯಂತ್ರದಲ್ಲಿ ಅದನ್ನು ಯಾರೋ ಬಿಚ್ಚಿ ಎಸೆದಿದ್ದರು. ಬಿಡಿಭಾಗ ತರಿಸಿ ಹಾಕುವ ತನಕ ಪ್ಲಗ್ ನನ್ನ ಬ್ಯಾಗಿನಲ್ಲಿತ್ತು. ನಿಜವಾಗಿಯೂ, ವೈರಿನ ತುದಿಯ ಪ್ಲಗ್ ಬಿಚ್ಚಿಕೊಂಡು ಬೆಂಗಳೂರಿಗೆ ತಂದಿದ್ದೆ.

ಇನ್ನೊಂದು ಕಾರಣ ಬೇಲಿ. ಬೇಲಿ ಬ್ಲೇಡಿಗೆ ಸಮಾಂತರವಾಗಿಲ್ಲದೆ, ಹಿಂದಿನ ತುದಿ ಬ್ಲೇಡಿನ ಕಡೆಗೆ ಅರ್ಧ ಮಿಲಿಮೀಟರ್ ವಾಲಿದೆ ಅಂತಿಟ್ಟುಕೊಳ್ಳಿ. ಮುಂದೆ 50 ಮಿಲಿಮೀಟರ್ ಅಗಲದ ದಾರಿ, ಹಿಂದೆ 49.5. ಆ ದಾರಿಯಲ್ಲಿ 50 ಮಿಲಿಮೀಟರಿನ ಪಟ್ಟಿ ಹೋಗಬೇಕು. ಎಲ್ಲಿ ಹೋಗುತ್ತೆ ಪಾಪ? ಬೇಲಿ ಒಂದು ಕಡೆ, ಮೇಲೇಳುವ ಹಲ್ಲು ಇನ್ನೊಂದು ಕಡೆ, ಮಧ್ಯೆ ಸಿಕ್ಕಿಕೊಳ್ಳುತ್ತೆ.

ನನಗೆ ಈ ಯಂತ್ರದ ಬಗ್ಗೆ ಕಾಡುವ ಸಂಗತಿ ಅಂದರೆ, ನಾವು ಅಳತೆ ನೋಡೋದು ಮುಂದೆ, ಕಣ್ಣೆದುರಿಗೆ. ಸ್ಕೇಲು ಇರೋದೂ ಮುಂದೆಯೇ. ಅಪಾಯ ಇರೋದು ಹಿಂದೆ, ಬ್ಲೇಡಿನ ಆಚೆ, ಯಾರೂ ಬಗ್ಗಿ ನೋಡದ ಜಾಗದಲ್ಲಿ.

ಆಚಾರ್ರು ಇದನ್ನು ಬೆರಳು ಕೊಟ್ಟು ಕಲಿತವರು. ನಮ್ಮ ಮನೆಯ ಬಾಗಿಲು, ಕಿಟಕಿ ಎಲ್ಲ ಮಾಡಿದ್ದು ಅವರೇ, ಅಪ್ಪನ ಓರಗೆಯವರು. ಸೈಟುಗಳಲ್ಲಿ ಅವರು ಇವತ್ತಿಗೂ ಬಳಸೋದು ಉಲ್ಟಾ ಕಟ್ಟರ್. ಕೈಯಲ್ಲಿ ಹಿಡಿಯೋ ಕಟ್ಟಿಂಗ್ ಮಷೀನನ್ನು ಪ್ಲೈವುಡ್ ಹಲಗೆಯ ಅಡಿಗೆ ತಲೆಕೆಳಗಾಗಿ ಬಿಗಿದು, ಹಲಗೆಯಲ್ಲಿ ಸೀಳು ಮಾಡಿ ಬ್ಲೇಡನ್ನು ಮೇಲಕ್ಕೆ ತೆಗೆದರೆ ಅದೇ ಟೇಬಲ್ ಸಾ. ಫೆನ್ಸ್ ಅಂದರೆ ಒಂದು ನೆಟ್ಟಗಿನ ರೀಪು, ಎರಡು ಕಡೆ ಕ್ಲ್ಯಾಂಪು ಅಥವಾ ಮೊಳೆ. ಕರ್ನಾಟಕದ ಯಾವ ಊರಿನ ಕಟ್ಟಡದಲ್ಲಿ ಬೇಕಾದರೂ ನೋಡಿ, ಇದೇ ಕಾಣುತ್ತೆ. ಎಷ್ಟೋ ವರ್ಷದ ಹಿಂದೆ ಒಂದು ಸೈಟಿನಲ್ಲಿ ಮಧ್ಯಾಹ್ನದ ಗಡಿಬಿಡಿಯಲ್ಲಿ ಹುಡುಗನೊಬ್ಬ ರೀಪು ಹೊಡೆದ. ಮುಂದೆ ಮಾತ್ರ ಟೇಪು ಹಿಡಿದ. "ಮರ ಗುದ್ದಿದ್ದು ಹೊಟ್ಟೆಗೆ, ಹೋಗಿದ್ದು ಬೆರಳು" ಅಂತ ಆಚಾರ್ರು ಎಡಗೈ ತೋರಿಸಿದರು. ತೋರುಬೆರಳಿನ ಮೇಲಿನ ಗೆಣ್ಣು ಇಲ್ಲ. ಚಿಕ್ಕವಳಿದ್ದಾಗಿನಿಂದ ಆ ಬೆರಳನ್ನು ನೋಡಿದ್ದೇನೆ, ಕಾರಣ ಕೇಳಿದ್ದು ಇದೇ ಮೊದಲು.

ಈಗ ಕೆಲಸದ ವಿಷಯ. ಎಲ್ಲಕ್ಕಿಂತ ಮೊದಲು ಪ್ಲಗ್ ಕಿತ್ತು ಕಣ್ಣಿಗೆ ಕಾಣೋ ಕಡೆ ಇಡಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು.

ಮೇಜಿನ ಮೇಲೆ ಬ್ಲೇಡಿನ ಎಡಕ್ಕೂ ಬಲಕ್ಕೂ ಉದ್ದನೆಯ ಗಾಡಿಗಳಿರುತ್ತವೆ, ಮೈಟರ್ ಸ್ಲಾಟ್ ಅನ್ನೋದು ಇವನ್ನೇ. ಮೇಜಿನಲ್ಲೇ ಕೊರೆದಿರೋದರಿಂದ ಇವು ಅಲುಗಾಡಲ್ಲ. ಹಾಗಾಗಿ ಎಲ್ಲ ಅಳತೆಗೂ ಇದೇ ಮೂಲ. ಬೇಲಿಯನ್ನು ಬ್ಲೇಡಿಗೆ ಹೋಲಿಸಿ ಸರಿ ಮಾಡೋಣ ಅಂತ ಅನ್ನಿಸುತ್ತೆ. ಬೇಡ. ಮೊದಲು ಬ್ಲೇಡನ್ನು ಗಾಡಿಗೆ ಸಮ ಮಾಡಬೇಕು, ಆಮೇಲೆ ಬೇಲಿಯನ್ನೂ ಅದೇ ಗಾಡಿಗೆ ಸಮ ಮಾಡಬೇಕು. ಒಂದೇ ರೇಖೆಗೆ ಸಮಾಂತರವಾದ ಎರಡು ರೇಖೆಗಳು ತಮ್ಮಲ್ಲಿ ಸಮಾಂತರ. ಇದನ್ನು ಹೇಳುವಾಗ ಅಪ್ಪನ ಮುಖ ನೋಡಬೇಕಿತ್ತು. ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದ ಸಾಲು, ಮೊದಲ ಸಲ ಕೈಗೆ ಸಿಕ್ಕ ಹಾಗೆ.

ಬ್ಲೇಡನ್ನು ಪೂರ್ತಿ ಮೇಲೆತ್ತಿ, ಒಂದು ಹಲ್ಲಿಗೆ ಮಾರ್ಕರ್‌ನಲ್ಲಿ ಗುರುತು ಹಾಕಿದೆವು. ಆ ಹಲ್ಲನ್ನು ಮುಂದಕ್ಕೆ ತಂದು, ಗಾಡಿಯ ಅಂಚಿನಿಂದ ಅದರವರೆಗಿನ ದೂರ ನೋಡೋದು. ನಂತರ ಬ್ಲೇಡನ್ನು ಕೈಯಲ್ಲೇ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ಒಯ್ದು, ಮತ್ತೆ ನೋಡೋದು. ಯಾಕೆ ಅದೇ ಹಲ್ಲು? ಬ್ಲೇಡು ತಾನೇ ಒಂಚೂರು ಬಾಗಿರಬಹುದು. ಮುಂದೆ ಒಂದು ಹಲ್ಲು, ಹಿಂದೆ ಇನ್ನೊಂದು ಹಲ್ಲು ಅಳೆದರೆ ಆ ಬಾಗು ಲೆಕ್ಕದಲ್ಲಿ ಸೇರಿಕೊಂಡು ದಾರಿ ತಪ್ಪಿಸುತ್ತೆ. ನಮ್ಮದರಲ್ಲಿ 0.3 ಮಿಲಿಮೀಟರ್ ವ್ಯತ್ಯಾಸ ಬಂತು. ಮೇಜಿನ ಅಡಿಯ ಬೋಲ್ಟುಗಳನ್ನು ಅರ್ಧ ಸಡಿಲಿಸಿ, ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ, ಮತ್ತೆ ಬಿಗಿದು, ಮತ್ತೆ ಅಳೆದು. ಬೋಲ್ಟು ಬಿಗಿಯುವಾಗಲೇ ಅದು ಜರುಗಿಬಿಡುತ್ತೆ, ಅದೇ ತಲೆನೋವು. ಒಂದು ಬೋಲ್ಟಿಗೆ ಕಾಲು ಸುತ್ತು, ಎದುರಿನ ಬೋಲ್ಟಿಗೆ ಕಾಲು ಸುತ್ತು, ಹೀಗೆ ಬಿಗಿಯಬೇಕು. ಶನಿವಾರದ ಮಧ್ಯಾಹ್ನ ಪೂರ್ತಿ ಇದರಲ್ಲೇ ಹೋಯಿತು.

ಬೇಲಿಯ ಕೆಲಸ ಭಾನುವಾರ. ಅದನ್ನು ಗಾಡಿಯ ಹತ್ತಿರ ತಂದು, ಲಾಕ್ ಮಾಡಿ, ಮುಂದೆಯೂ ಹಿಂದೆಯೂ ಅಳೆದರೆ ಮುಂದಿಗಿಂತ ಹಿಂದೆ 0.4 ಮಿಲಿಮೀಟರ್ ಕಮ್ಮಿ. ಅಂದರೆ ಹಿಂದಿನ ತುದಿ ಒಳಕ್ಕೆ ವಾಲಿತ್ತು, ಯಾವ ಕಡೆ ವಾಲಬಾರದೋ ಅದೇ ಕಡೆ. ಬೇಲಿಯ ತಲೆಯ ಮೇಲಿನ ಎರಡು ಅಲೆನ್ ಬೋಲ್ಟು ಸಡಿಲಿಸಿದರೆ ಉದ್ದನೆಯ ಭಾಗವನ್ನು ಕೊಂಚ ತಿರುಗಿಸಬಹುದು. ತಿರುಗಿಸಿ, ಬಿಗಿದು, ಅಳೆದಾಗ ಸರಿಯಾಯಿತು. ಬಿಚ್ಚಿ, ಸರಿಸಿ, ಇನ್ನೊಮ್ಮೆ ಲಾಕ್ ಮಾಡಿ ಅಳೆದರೆ ಮತ್ತೆ ತಪ್ಪು!

ಕೋಡ್ ಬರೆಯೋರಿಗೆ ಈ ಸಂಕಟ ಗೊತ್ತು. ಹತ್ತು ಸಲ ಓಡಿಸಿದರೆ ಏಳು ಸಲ ಪಾಸ್ ಆಗೋ ಟೆಸ್ಟ್ ಇರುತ್ತಲ್ಲ, ಅದು ಹತ್ತೂ ಸಲ ಫೇಲ್ ಆಗೋದಕ್ಕಿಂತ ಕೆಟ್ಟದ್ದು. ಹಾಗಾಗಿ ಬೇಲಿಯನ್ನು ಹತ್ತು ಸಲ ಬಿಚ್ಚಿ ಹತ್ತು ಸಲ ಲಾಕ್ ಮಾಡಿ, ಪ್ರತಿಸಲ ಅಳತೆ ಬರೆಯೋದು ಅಂತಾಯಿತು. ನಾನು ಅಳೆಯೋದು, ಅಪ್ಪ ಹಳೇ ಮಾರ್ಕ್ಸ್ ರಿಜಿಸ್ಟರಿನಲ್ಲಿ ಬರೆಯೋದು. ಆರನೇ ಸಲಕ್ಕೆ ಗುಟ್ಟು ಸಿಕ್ಕಿತು. ಸರಿಯಾಗಿ ಬಂದ ಸಲವೆಲ್ಲ ಅಪ್ಪ ಲಾಕ್ ಮಾಡುವ ಮುಂಚೆ ಬೇಲಿಯ ತಲೆಯನ್ನು ಮುಂದಿನ ಕಂಬಿಗೆ ಒತ್ತಿ ಹಿಡಿದಿದ್ದರು. ತಪ್ಪಿದ ಸಲ ಬೇಲಿಯ ಮಧ್ಯದಲ್ಲಿ ಕೈಯಿಟ್ಟು ತಳ್ಳಿದ್ದರು. ಬೇಲಿ ನೆಟ್ಟಗೆ ನಿಲ್ಲಲು ಆಸರೆ ಮುಂದಿನ ಕಂಬಿ. ತಲೆ ಅದಕ್ಕೆ ಪೂರ್ತಿ ಆನಿಕೊಂಡಿದ್ದರೆ ಮಾತ್ರ ಉಳಿದದ್ದೆಲ್ಲ ಸರಿ. ಕಂಬಿಯ ಮೇಲೆ ಹಳೇ ಹೊಟ್ಟು, ಫೆವಿಕಾಲ್ ಕಲೆ ಬೇರೆ ಅಂಟಿಕೊಂಡಿತ್ತು. ಅದನ್ನು ಕೆರೆದು ತೆಗೆದು, ತಲೆ ಒತ್ತಿ ಹಿಡಿದು ಲಾಕ್ ಮಾಡಿದರೆ ಹತ್ತಕ್ಕೆ ಹತ್ತು. ಅಪ್ಪ ರಿಜಿಸ್ಟರಿನಲ್ಲಿ ಕೆಂಪು ಪೆನ್ನಿನಿಂದ 10/10 ಬರೆದು ಸಹಿ ಹಾಕಿದರು.

ಪೂರ್ತಿ ಸಮಾಂತರ ಇರಬೇಕಾ, ಹಿಂದೆ ಒಂಚೂರು ಬಿಡುವು ಇರಬೇಕಾ ಅನ್ನೋದರಲ್ಲಿ ಬಲ್ಲವರಲ್ಲೇ ಎರಡು ಪಕ್ಷ. ನಾನು ಹಿಂದೆ 0.1 ಮಿಲಿಮೀಟರ್ ಬಿಡುವು ಇಡುವವಳು. ಬರೀ ಲೆಕ್ಕಕ್ಕೆ ಸೊನ್ನೆಯೇ ಚಂದ. ಆದರೆ ಈ ಯಂತ್ರದಲ್ಲಿ ತಪ್ಪು ಯಾವ ಕಡೆ ಆದರೂ ಒಂದೇ ಅಲ್ಲ. ಹಿಂದೆ ತೆರೆದರೆ ಪಟ್ಟಿಯ ಮೈ ಕೊಂಚ ಒರಟಾಗುತ್ತೆ. ಹಿಂದೆ ಮುಚ್ಚಿದರೆ ಆಸ್ಪತ್ರೆ. ಆಚಾರ್ರು ಡಯಲ್ ಗೇಜ್ ಎಲ್ಲ ನೋಡಿ ನಕ್ಕರು. ಅವರ ಅಳತೆ ನೂಲಿನಲ್ಲಿ, ಇಂಚಿನ ಎಂಟನೇ ಒಂದು ಭಾಗ ಒಂದು ನೂಲು. "ಪುಟ್ಟಕ್ಕ, ಹಿಂದೆ ಒಂದು ಪೇಪರ್ ಹಾಳೆ ಹೋಗೋವಷ್ಟು ಸಡಿಲ ಬಿಡು, ಸಾಕು" ಅಂದರು. ಪೇಪರ್ ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್! ಇಬ್ಬರೂ ಒಂದೇ ಜಾಗಕ್ಕೆ ಬಂದಿದ್ದೆವು, ನಾನು ಬ್ಯಾಟರಿ ಹಾಕಿದ ಸಲಕರಣೆ ಹಿಡಿದುಕೊಂಡು.

ಅವರು ಹೇಳಿಕೊಟ್ಟ ಇನ್ನೊಂದು ವಿಷಯ ನನ್ನ ಯಾವ ಗೇಜೂ ಹೇಳಲ್ಲ. ಕುಯ್ದ ಮೇಲೆ ಪಟ್ಟಿಯ ಮೈ ನೋಡು ಅಂದರು. ಬೇಲಿಯ ಕಡೆಯ ಪಟ್ಟಿಯಲ್ಲಿ ಕಂದು ಬಣ್ಣದ ಸುಟ್ಟ ಕಲೆ ಕಂಡರೆ ಹಿಂದೆ ಉಜ್ಜುತ್ತಿದೆ ಅಂತ ಅನುಮಾನಪಡಬೇಕು. ಬ್ಲೇಡು ಮೊಂಡಾಗಿದ್ದರೂ, ತೀರಾ ನಿಧಾನ ತಳ್ಳಿದರೂ ಸುಡುತ್ತೆ, ಅದು ಬೇರೆ. ಸದ್ದನ್ನೂ ಕೇಳಬೇಕು. ಸಲೀಸಾಗಿ ಹೋಗುವಾಗ ಒಂದೇ ಸ್ವರ, ಒತ್ತಿಕೊಂಡಾಗ ದನಿ ಇಳಿದು ಗೋಗರೆದ ಹಾಗಾಗುತ್ತೆ. "ಮರ ಅಳ್ತಿದೆ ಅಂದ್ರೆ ನಿಲ್ಲಿಸಿಬಿಡಿ ಮೇಷ್ಟ್ರೇ" ಅಂತ ಅಪ್ಪನಿಗೆ ಹೇಳಿದರು. ಅಪ್ಪನಿಗೆ ಕಿವಿ ಸ್ವಲ್ಪ ಮಂದ. ಅದನ್ನು ಅವರು ಒಪ್ಪಲ್ಲ.

ಬೇಲಿಯ ಮೈ ಮೇಜಿಗೆ ಲಂಬವಾಗಿದೆಯಾ ಅಂತ ಮೂಲೆಮಟ್ಟ ಇಟ್ಟು ನೋಡೋದು ಎರಡು ನಿಮಿಷದ ಕೆಲಸ. ಬೇಲಿ ತಾನೇ ನೆಟ್ಟಗಿದೆಯಾ ಅನ್ನೋದು ಇನ್ನೊಂದು. ನಮ್ಮದು ನಡುವೆ ಒಳಕ್ಕೆ ತಗ್ಗಿತ್ತು. ಅದಕ್ಕೊಂದು ಒಳ್ಳೇ ಪ್ಲೈವುಡ್ ಮುಖ ಕೂಡಿಸಿ, ತಗ್ಗಿದ್ದ ಕಡೆ ಹಿಂದೆ ದಪ್ಪ ಕಾಗದದ ಚೂರು ಕೊಟ್ಟು ಸಮ ಮಾಡಿದೆವು. ಕಾಗದ ಯಾವುದು ಗೊತ್ತಾ? ಮದುವೆ ಕಾಗದ. ನಮ್ಮ ಮನೆಗಳಲ್ಲಿ ಎಸೆಯೋಕೂ ಮನಸ್ಸು ಬಾರದೆ, ಇಟ್ಟುಕೊಳ್ಳೋಕೂ ಕಾರಣವಿಲ್ಲದೆ ಕಪಾಟಿನಲ್ಲಿ ಬಿದ್ದಿರುತ್ತಲ್ಲ, ದಪ್ಪದ್ದು, ತೆಳುವಿನದ್ದು, ಬೇಕಾದ ಅಳತೆಗೆಲ್ಲ ಸಿಕ್ಕುತ್ತೆ. ಯಾರದೋ ಶುಭವಿವಾಹ ಈಗ ನಮ್ಮ ಬೇಲಿಯನ್ನು ನೆಟ್ಟಗೆ ನಿಲ್ಲಿಸಿದೆ.

ಸ್ಕೇಲಿನ ಮುಳ್ಳನ್ನು ಕೊನೆಗೆ ಸರಿ ಮಾಡೋದು. ಒಂದು ಪಟ್ಟಿ ಕುಯ್ದು, ವರ್ನಿಯರ್‌ನಲ್ಲಿ ಅಳೆದು, ಆ ಅಳತೆಗೆ ಮುಳ್ಳನ್ನು ಕೂರಿಸಬೇಕು. ಬ್ಲೇಡು ಬದಲಿಸಿದರೆ ಇದನ್ನು ಮತ್ತೆ ನೋಡಬೇಕು, ದಪ್ಪ ಬೇರೆಯಾದರೆ ಲೆಕ್ಕವೂ ಬೇರೆ.

ಇದಿಷ್ಟೂ ಮರವನ್ನು ಉದ್ದಕ್ಕೆ ಸೀಳುವ ಬೇಲಿಯ ಕಥೆ. ಅಡ್ಡಕ್ಕೆ ಕತ್ತರಿಸೋಕೆ ಇನ್ನೊಂದು ಬೇಲಿ ಇದೆ. ಗಾಡಿಯಲ್ಲಿ ಜಾರುವ ಹಲಗೆಯ ಮೇಲೆ ಬ್ಲೇಡಿಗೆ ಸರಿಯಾಗಿ 90 ಡಿಗ್ರಿಯಲ್ಲಿ ನಿಲ್ಲಬೇಕಾದ್ದು. ಡೆಸ್ಕಿನ ಮೂಲೆಗಳು ಸೇರೋದು ಇದರ ನಂಬಿಕೆಯ ಮೇಲೆ. ಇದನ್ನು ಪರೀಕ್ಷಿಸುವ ವಿಧಾನಕ್ಕೆ ಐದು ಕುಯ್ತ ಅಂತ ಹೆಸರು. ಅಮೆರಿಕದ ಮರಗೆಲಸದ ಶಿಕ್ಷಕ ವಿಲಿಯಂ ಎನ್‌ಜಿ ಅವರ ವಿಡಿಯೊದಿಂದ ತುಂಬಾ ಜನಕ್ಕೆ ಗೊತ್ತಾದದ್ದು. ಚೌಕದ ಪ್ಲೈವುಡ್ ತುಂಡು ತಗೊಂಡು ಒಂದು ಬದಿ ಕತ್ತರಿಸಿ, ಕತ್ತರಿಸಿದ ಬದಿಯನ್ನು ಬೇಲಿಗೆ ಆನಿಸಿ ಮುಂದಿನ ಬದಿ ಕತ್ತರಿಸೋದು. ಹೀಗೆ ನಾಲ್ಕೂ ಬದಿ ಆದ ಮೇಲೆ, ಮೊದಲ ಬದಿಯಿಂದಲೇ ಐದನೇ ಸಲ ಒಂದು ಸಣ್ಣ ಪಟ್ಟಿ ತೆಗೆಯೋದು. ಆ ಪಟ್ಟಿಯ ಎರಡು ತುದಿಗಳ ಅಗಲ ಅಳೆದರೆ, ಅವುಗಳ ವ್ಯತ್ಯಾಸದಲ್ಲಿ ಬೇಲಿಯ ತಪ್ಪು ನಾಲ್ಕು ಪಟ್ಟಾಗಿ ಕಾಣುತ್ತೆ.

ನಾಲ್ಕು ಪಟ್ಟು ಯಾಕೆ ಅಂತ ನಾನು ಹೇಳೋಕೆ ಹೊರಟೆ, ಅಪ್ಪ ತಡೆದರು. ಕೊಟ್ಟಿಗೆಯ ಗೋಡೆಗೇ ಸೀಮೆಸುಣ್ಣದಲ್ಲಿ ಚತುರ್ಭುಜ ಬರೆದರು. "ನಾಲ್ಕು ಕೋನ ಸೇರಿ 360. ನಿನ್ನ ಬೇಲಿ ಪ್ರತಿ ಕೋನಕ್ಕೂ ಒಂದಿಷ್ಟು ಜಾಸ್ತಿ ಕೊಡುತ್ತೆ. ಮೂರು ಕೋನ ಹೆಚ್ಚಾದರೆ, ನಾಲ್ಕನೆಯದ್ದು ಆ ಮೂರರಷ್ಟು ಕಮ್ಮಿ ಆಗ್ಲೇಬೇಕು. ಐದನೇ ಸಲ ಆ ಕಮ್ಮಿ ಕೋನದಲ್ಲೇ ಮತ್ತೆ ಜಾಸ್ತಿ ಮಾಡೋಕೆ ಹೋಗ್ತೀಯ. ಮೂರು, ಒಂದು, ನಾಲ್ಕು. ಸರಿ ತಾನೇ ಪುಟ್ಟಿ?" ಸರಿ. ಇಂಜಿನಿಯರಿಂಗ್‌ನಲ್ಲಿ ನನಗೆ ಯಾರೂ ಏನನ್ನೂ ಇಷ್ಟು ನೀಟಾಗಿ ಹೇಳಿಕೊಟ್ಟಿರಲಿಲ್ಲ.

ನಮ್ಮ ಪಟ್ಟಿ 400 ಮಿಲಿಮೀಟರ್ ಉದ್ದ. ಒಂದು ತುದಿ 24.80, ಇನ್ನೊಂದು 25.44. ವ್ಯತ್ಯಾಸ 0.64, ನಾಲ್ಕರಿಂದ ಭಾಗಿಸಿದರೆ 0.16. ಅಂದರೆ 400 ಮಿಲಿಮೀಟರಿಗೆ 0.16 ತಪ್ಪು. ಬೇಲಿಯ ಒಂದು ತುದಿಯ ಸ್ಕ್ರೂ ತಿರುಗಣಿ, ಇನ್ನೊಂದು ತುದಿ ಅಲ್ಲಿಂದ 500 ಮಿಲಿಮೀಟರ್ ದೂರ. ಅಲ್ಲಿ ಸರಿಸಬೇಕಾದ್ದು 0.20. ಇಷ್ಟು ಸಣ್ಣ ಅಳತೆಗೆ ಸರಿಸೋದು ಹೇಗೆ? ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡೋಕೆ ಬಳಸೋ ಫೀಲರ್ ಗೇಜ್. ಬೀದಿ ಕೊನೆಯ ಗ್ಯಾರೇಜಿನಿಂದ ತಂದೆವು. ಬೇಲಿಗೆ ತಾಗಿಸಿ ಒಂದು ಮರದ ತುಂಡನ್ನು ಬಿಗಿದು, ಬೇಲಿಯನ್ನು ಹಿಂದೆ ಎಳೆದು, ನಡುವೆ 0.20 ತಗಡು ಇಟ್ಟು, ಮತ್ತೆ ಒತ್ತಿ ಬಿಗಿದೆವು. ಇನ್ನೊಮ್ಮೆ ಐದು ಕುಯ್ತ. ಈ ಸಲ ವ್ಯತ್ಯಾಸ 0.08, ಭಾಗಿಸಿದರೆ 0.02. ಅಪ್ಪ ಇನ್ನೂ ಕಮ್ಮಿ ಮಾಡೋಣ ಅಂದರು. ಬೇಡ ಅಪ್ಪ, ಮಳೆಗಾಲ ಬಂದರೆ ಶಿವಮೊಗ್ಗದಲ್ಲಿ ಹಲಗೆಗಳು ಇದರ ಎಷ್ಟೋ ಪಟ್ಟು ಉಬ್ಬುತ್ತವೆ, ಬನ್ನಿ ಊಟ ಮಾಡೋಣ ಅಂತ ಎಬ್ಬಿಸಿದೆ.

ಅಣ್ಣನಿಗೆ ಇದ್ಯಾವುದೂ ಸಮಾಧಾನ ಕೊಡಲಿಲ್ಲ. ಬೆರಳು ತಾಗಿದ ಕೂಡಲೇ ಬ್ಲೇಡು ನಿಲ್ಲುವ ಯಂತ್ರ ಇದೆಯಲ್ಲ, ಅದನ್ನೇ ಕೊಡಿಸೋಣ ಅಂದ. ಇದೆ. 1999ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಸ್ಟೀವ್ ಗ್ಯಾಸ್ ಅನ್ನೋರು ಕಂಡುಹಿಡಿದದ್ದು, ಸಾಸ್ಟಾಪ್ ಅಂತ. ಚರ್ಮ ತಾಗಿದ್ದನ್ನು ವಿದ್ಯುತ್ ಸಂಕೇತದಿಂದ ತಿಳಿದು, ಅಲ್ಯೂಮಿನಿಯಂ ತುಂಡೊಂದನ್ನು ಬ್ಲೇಡಿಗೆ ನುಗ್ಗಿಸಿ, 5 ಮಿಲಿಸೆಕೆಂಡಿನಲ್ಲಿ ನಿಲ್ಲಿಸುತ್ತೆ. ಅದ್ಭುತ ಕೆಲಸ. ಆದರೆ ಕಿಕ್‌ಬ್ಯಾಕ್‌ನಲ್ಲಿ ಹಾರಿ ಬರುವ ಹಲಗೆ ಹೊಟ್ಟೆಗೆ ಗುದ್ದೋದನ್ನು ಅದು ತಡೆಯಲ್ಲ. ಆ ಯಂತ್ರಕ್ಕೂ ಬೇಲಿ ನೆಟ್ಟಗೇ ಇರಬೇಕು. ಇದನ್ನೆಲ್ಲ ಹೇಳಿದ ಮೇಲೆ ಅಣ್ಣ ಸುಮ್ಮನಾದ, ಒಪ್ಪಿದ ಅಂತಲ್ಲ.

ಕೊನೆಗೆ ಮೂವರೂ ಒಂದು ಒಪ್ಪಂದಕ್ಕೆ ಬಂದೆವು. ಅಪ್ಪ ಯಂತ್ರ ಓಡಿಸೋದು ಆಚಾರ್ರೋ ಪಕ್ಕದ ಮನೆಯ ಹುಡುಗನೋ ಅಲ್ಲಿದ್ದಾಗ ಮಾತ್ರ. ಹಲಗೆಯ ನೇರಕ್ಕೆ ನಿಲ್ಲದೆ ಎಡಕ್ಕೆ ಸರಿದು ನಿಲ್ಲೋದು. ಕಿರಿದಾದ ಪಟ್ಟಿಗೆ ಕೈಯಲ್ಲ, ತಳ್ಳುಕೋಲು. ಅಡ್ಡ ಕತ್ತರಿಸುವಾಗ ಉದ್ದದ ಬೇಲಿಯನ್ನು ದೂರ ಸರಿಸಿಡೋದು, ಯಾಕಂದರೆ ಕತ್ತರಿಸಿದ ತುಂಡು ಎರಡರ ಮಧ್ಯೆ ಸಿಕ್ಕರೆ ಅದೂ ಹಾರುತ್ತೆ. ಇದೆಲ್ಲ ಗೋಡೆಯ ಮೇಲೆ ಅಪ್ಪನ ದುಂಡು ಅಕ್ಷರದಲ್ಲಿದೆ, ಚತುರ್ಭುಜದ ಪಕ್ಕ. ಜೊತೆಗೆ, ಪ್ರತಿದಿನ ಸ್ವಿಚ್ ಹಾಕುವ ಮುಂಚೆ ಬೇಲಿಯ ಮುಂದಿನ ಮತ್ತು ಹಿಂದಿನ ಅಳತೆ ಎರಡನ್ನೂ ಕ್ಯಾಲಿಪರ್‌ನಲ್ಲಿ ನೋಡಿ, ಫೋಟೊ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಬೇಕು.

ಈ ಕೊನೆಯದ್ದು ಅಣ್ಣನ ಷರತ್ತು. ಎರಡು ದಿನ ನಡೆದು ನಿಂತುಹೋಗುತ್ತೆ ಅಂತ ಅವನ ಅಂದಾಜು. ಈಗ ಎಂಟು ತಿಂಗಳು. ಗುಡ್ ಮಾರ್ನಿಂಗ್ ಹೂವು, ಅತ್ತೆಯರ ಸುಭಾಷಿತಗಳ ನಡುವೆ ನಮ್ಮ ಗ್ರೂಪಿನಲ್ಲಿ ಎರಡು ಕ್ಯಾಲಿಪರ್ ಫೋಟೊ ಬೀಳುತ್ತೆ. ಮು 62.4, ಹಿಂ 62.5. ನಾನೊಂದು ಥಂಬ್ಸ್ ಅಪ್ ಒತ್ತುತ್ತೇನೆ. ಜರ್ಮನಿಯಲ್ಲಿ ಬೆಳಗಾದ ಮೇಲೆ ಅಣ್ಣನದ್ದೂ ಒಂದು ಬರುತ್ತೆ. ಡೆಸ್ಕು ಹನ್ನೊಂದಾಗಿದೆ. ಅಕೇಶಿಯಾ ಹಲಗೆ, ಮೇಲೊಂದು ಪೆನ್ಸಿಲ್ ನಿಲ್ಲುವ ಗಾಡಿ. ಪಕ್ಕದ ಬೀದಿಯ ಅಂಗನವಾಡಿಯವರು ಪುಟಾಣಿ ಅಳತೆಯದ್ದು ಕೇಳಿದ್ದಾರೆ.

ಹೋದ ಗುರುವಾರ ಟೀಮ್ ಮೀಟಿಂಗ್ ನಡುವೆ ಫೋಟೊ ಬಂತು. ಮು 80.2, ಹಿಂ 79.9. ಮೈಕ್ ಮ್ಯೂಟ್ ಮಾಡಿ ಹೊರಗೆ ಓಡಿ ಫೋನ್ ಮಾಡಿದೆ.

"ಅಪ್ಪ, ಸ್ವಿಚ್ ಹಾಕ್ಬೇಡಿ. ಹಿಂದೆ ಮುಚ್ಚಿದೆ."

"ಗೊತ್ತು. ಹಾಕಿಲ್ಲ. ಅದಕ್ಕೇ ಕಳಿಸಿದ್ದು. ಆಚಾರ್ರೂ ಇಲ್ಲೇ ಇದಾರೆ, ಕಂಬಿ ನೋಡ್ತಿದಾರೆ."

ಹಿಂದಿನಿಂದ ಆಚಾರ್ರ ದನಿ ಕೇಳಿಸಿತು. ಬೇಲಿಯ ತಲೆಗೂ ಕಂಬಿಗೂ ನಡುವೆ ಒಂದು ಮರದ ಚಕ್ಕೆ ಸಿಕ್ಕಿತ್ತಂತೆ, ಅಕ್ಕಿಕಾಳಿನಷ್ಟು. ಐದು ನಿಮಿಷಕ್ಕೆ ಇನ್ನೊಂದು ಫೋಟೊ: ಮು 80.2, ಹಿಂ 80.3. ಕೆಳಗೆ ಅಪ್ಪನ ಸಂದೇಶ, "ಬರುವಾಗ ಸಣ್ಣದೊಂದು ಬ್ರಷ್ ತಗೊಂಡು ಬಾ. ಹಲ್ಲುಜ್ಜುವ ಹಳೇದು ಆದರೂ ನಡೆಯುತ್ತೆ." ಥಂಬ್ಸ್ ಅಪ್ ಒತ್ತಿ ಮೀಟಿಂಗಿಗೆ ವಾಪಸ್ ಹೋದೆ.